ಎರಡು ಸಮುದ್ರಗಳ ಕಲ್ಲು

ಎಲ್ಲ ರಾದ್ಧಾಂತಕ್ಕೂ ಕಾರಣ ಮಾಂಸದಂಗಡಿ ಕ್ವಾಪಿಲನ ನಾಯಿ. ಪೊಲೆಶಿನ್ ಪೇಟೆಯ ಚೌಕದಲ್ಲಿ, ಅಂದು ಮಧ್ಯಾಹ್ನ ಅನಾವರಣವಾಗಬೇಕಿದ್ದ ಹೊಸ ಕಲ್ಲಿನ ಬುಡದಲ್ಲಿ, ಅದು ಬೆಳ್ಳಂಬೆಳಗ್ಗೆ ಕಾಲೆತ್ತಿತು. ಎತ್ತಿದ್ದು ಉತ್ತರದ ಬದಿಗೆ. ಹರಿದದ್ದು ದಕ್ಷಿಣಕ್ಕೆ.

ಬೇರೆ ಊರಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಆ ಕಲ್ಲು ನಿಂತದ್ದೇ ಈ ವಿಷಯಕ್ಕೆ. ಅದರ ಉತ್ತರಕ್ಕೆ ಬಿದ್ದ ಮಳೆ ಹಳ್ಳ ಸೇರಿ, ಲಾಬೆ ನದಿ ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಕೆರೆ ಸೇರಿ, ಮೊರಾವ ನದಿ ಹಿಡಿದು, ಡ್ಯಾನ್ಯೂಬಿನಲ್ಲಿ ಬೆರೆತು ಕಪ್ಪು ಸಮುದ್ರಕ್ಕೆ. ಹೀಗೆಂದು ಭೂಗೋಳದ ಮೇಷ್ಟ್ರು ಒಟಕರ್ ಹ್ರೂಷ್ಕ ಊರಿನ ಅಪ್ಪಂದಿರಿಗೂ ಮಕ್ಕಳಿಗೂ ಪಾಠ ಹೇಳಿದ್ದರು. ನಿವೃತ್ತರಾದ ಮೇಲೆ ಪುರಸಭೆ ಅಧ್ಯಕ್ಷೆ ಶೀಮೊವಾ ಅವರ ತಲೆ ತಿಂದು ಕಲ್ಲನ್ನೂ ನಿಲ್ಲಿಸಿದ್ದರು. ಕಲ್ಲಿನ ಮೇಲೆ, ಕೆಳಗಡೆ ಸಣ್ಣ ಅಕ್ಷರದಲ್ಲಿ, ಅವರ ಹೆಸರಿತ್ತು. ನೀರು ಇಬ್ಭಾಗವಾಗುವ ಗೆರೆ ತಮ್ಮೂರಲ್ಲಿದೆ ಎಂದು ಪಕ್ಕದ ಮಲೋನಿಸ್‌ನವರು ಬಹಳ ಕಾಲದಿಂದ ಜಗಳ ಕಾಯುತ್ತಿದ್ದರು.

ನಾಯಿಯ ಸುದ್ದಿ ಬ್ರೆಡ್ ಅಂಗಡಿಯ ಸಾಲಿನಲ್ಲಿ ಬಾಯಿಂದ ಬಾಯಿಗೆ ಹಬ್ಬಿ, ಮೇಷ್ಟ್ರು ಕಾಫಿ ಕುಡಿದು ಹೊರಬರುವಷ್ಟರಲ್ಲಿ ಅರ್ಧ ಊರು ಕಲ್ಲಿನ ಸುತ್ತ ನೆರೆದಿತ್ತು.

"ನಮ್ಮ ನಾಯಿಗೆ ಭೂಗೋಳ ಬರಲ್ಲ ಮೇಷ್ಟ್ರೇ, ಒಪ್ಕೋತೀನಿ," ಎಂದ ಕ್ವಾಪಿಲ್. "ಆದ್ರೆ ನೀರಿಗೆ ಬರಬೇಕಲ್ವಾ?"

ಅಲ್ಲೊಂದು ಹಾಸುಗಲ್ಲು ವಾಲಿದೆ, ಅಷ್ಟೇ ಎಂದರು ಮೇಷ್ಟ್ರು. ಯಾರೂ ಕೇಳಲಿಲ್ಲ. ಅಧ್ಯಕ್ಷೆ ಕೈಕಟ್ಟಿ ನಿಂತರು. "ಅನುಮಾನದ ಕಲ್ಲಿನ ಮುಸುಕು ನಾನು ಎಳೆಯಲ್ಲ. ಉತ್ತರದ ನೀರು ಹಳ್ಳ ಮುಟ್ಟಬೇಕು, ದಕ್ಷಿಣದ್ದು ಕೆರೆ ಮುಟ್ಟಬೇಕು, ನಾವು ಕಣ್ಣಾರೆ ನೋಡಬೇಕು. ಇಲ್ದಿದ್ರೆ ಕಲ್ಲನ್ನ ಮಲೋನಿಸ್‌ಗೇ ಕೊಟ್ಬಿಡ್ತೀನಿ."

"ತೋರಿಸ್ತೀನಿ," ಎಂದರು ಮೇಷ್ಟ್ರು. ಮುಖ ಕೆಂಪೇರಿತ್ತು.

ಬಿಂದಿಗೆ ತರಲು ಮನೆಗೆ ಹೋದಾಗ ಹೆಂಡತಿ ಬ್ಲಾಜೆನ ಎಲೆಕೋಸಿನ ಪೀಪಾಯಿ ತೊಳೆಯುತ್ತಿದ್ದರು. ಗಂಡ ಭೂಗೋಳ ಕಲಿಸಿದ ಶಾಲೆಯಲ್ಲೇ ಅಷ್ಟೇ ಕಾಲ ಇತಿಹಾಸ ಕಲಿಸಿದವರು. "ಚೌಕದ ಮೇಲೆ ನೀರು ಸುರೀಬೇಡಿ ಕಣ್ರೀ. ರಾಜ ಈ ಪೇಟೆಗೆ ಸಂತೆ ಹಕ್ಕು, ಬಿಯರ್ ಮಾಡೋ ಹಕ್ಕು ಕೊಟ್ಟಾಗ ಮನೆಮನೆಯವರೂ ಬಿಯರ್ ತಣ್ಣಗಿಡೋಕೆ ಕೆಳಗೆ ಸುರಂಗ ಕೊರೆದಿದಾರೆ. ಪೂರ್ತಿ ಟೊಳ್ಳು."

"ಇತಿಹಾಸ ಅಂದ್ರೆ ಸತ್ತವರ ವಿಷಯ. ನೀರು ನೋಡೋದು ಇಳಿಜಾರು ಮಾತ್ರ," ಎಂದು ಮೇಷ್ಟ್ರು ಬಿಂದಿಗೆ ಹೊತ್ತು ನಡೆದರು.

ಮೊದಲ ಬಿಂದಿಗೆಯನ್ನು ಹಾಸುಗಲ್ಲುಗಳ ಸಂದು ಕುಡಿದುಬಿಟ್ಟಿತು. ಎರಡನೆಯದು ಕ್ವಾಪಿಲನ ಬೂಟು ಸೇರಿತು. ಅವನಿಗೆ ರೇಗಿತೋ, ಮೋಜೆನ್ನಿಸಿತೋ ಗೊತ್ತಿಲ್ಲ. ಊರಿನ ಅಗ್ನಿಶಾಮಕ ಪಡೆಯ ನಾಯಕನೂ ಅವನೇ ಆದ್ದರಿಂದ ಹೋಗಿ ದೊಡ್ಡ ನೀರಿನ ಬಂಡಿಯನ್ನೇ ತಂದು ನಿಲ್ಲಿಸಿದ. ಸಾಕಲ್ಲವೇ ಮೇಷ್ಟ್ರೇ ಎಂದು ಕೇಳಿದ. ಪೂರ್ತಿ ಬಿಡು ಎಂದರು ಮೇಷ್ಟ್ರು.

ಪೈಪಿನಿಂದ ನೀರು ಕಲ್ಲಿನ ನೆತ್ತಿಗೆ ಬಡಿದು ಭೋರೆಂದು ಇಳಿಯಿತು. ಏನು ಚೆಂದ ಅಂತೀರಿ! ಅರ್ಧ ಉತ್ತರಕ್ಕೆ, ಅರ್ಧ ದಕ್ಷಿಣಕ್ಕೆ, ಬೈತಲೆ ತೆಗೆದು ಬಾಚಿದ ಹಾಗೆ. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರ ಕಣ್ಣು ತುಂಬಿ ಬಂತು.

ಆದರೆ ಹಳ್ಳದ ಬಳಿ ಕಾಯುತ್ತಿದ್ದವರು ಏನೂ ಬರಲಿಲ್ಲ ಎಂದು ಕೂಗಿದರು. ಕೆರೆಯ ಕಡೆಯವರೂ ಇಲ್ಲವೆಂದು ಕೈಯಾಡಿಸಿದರು. ಎರಡು ಪಾಲು ನೀರೂ ನಡುದಾರಿಯಲ್ಲಿ ಮಾಯ. ಬಂಡಿ ಬರಿದಾಗಿತ್ತು.

ಆಗ ಚೌಕದಂಚಿನ ತಮ್ಮ ಮನೆ ಬಾಗಿಲಲ್ಲಿ ಬ್ಲಾಜೆನ ಕಾಣಿಸಿಕೊಂಡರು. ಮೊಣಕಾಲಿನವರೆಗೆ ಒದ್ದೆ. ಕೈಯಲ್ಲೊಂದು ತೇಲಿಬಂದ ಆಲೂಗಡ್ಡೆ.

"ರೀ, ನಿಮ್ಮ ಎರಡೂ ಸಮುದ್ರ ನಮ್ಮ ನೆಲಮಾಳಿಗೆಗೆ ಬಂದಿವೆ."

ಹಳೆಯ ಸುರಂಗಗಳೆಲ್ಲ ಬಂದು ಕೂಡುವ ತಗ್ಗು ಮೇಷ್ಟ್ರ ಮನೆಯೇ ಆಗಿತ್ತು. ಅಧ್ಯಕ್ಷೆ ಮಲೋನಿಸ್‌ಗೆ ಫೋನ್ ಮಾಡಿದರು. ಸಂಜೆಯೊಳಗೆ ಅವರು ಟ್ರ್ಯಾಕ್ಟರ್ ತಂದು ಕಲ್ಲನ್ನು ಹೇರಿಕೊಂಡು, ಹಾಡು ಹೇಳಿಕೊಂಡು ಹೊರಟೇಹೋದರು. ಹೋಗುವ ಮುಂಚೆ ಮೇಷ್ಟ್ರ ಹೆಸರಿನ ಮೇಲೆ ಸುಣ್ಣ ಬಳಿದಿದ್ದರು.

ಪಾಪ ಎನ್ನಿಸಿ ಕ್ವಾಪಿಲ್ ನೆಲಮಾಳಿಗೆಗೆ ಪಂಪ್ ಇಳಿಸಿ ಪೈಪನ್ನು ಕಿಟಕಿಯಿಂದ ಚೌಕಕ್ಕೆ ಬಿಟ್ಟ. ನೀರು ಇಳಿಯತೊಡಗಿತು. ಆಮೇಲೆ ಇಳಿಯುವುದು ನಿಂತಿತು. ಆಮೇಲೆ ಏರತೊಡಗಿತು. ಹೊರಗೆ ಚೆಲ್ಲಿದ್ದೆಲ್ಲ ನೆಲದೊಳಗಿಂದ ತಿರುಗಿ ಮನೆಗೇ ಬರುತ್ತಿತ್ತು.

ಮೇಷ್ಟ್ರು ಪ್ಯಾಂಟು ಮಡಚಿಕೊಂಡು ಟಾರ್ಚ್ ಹಿಡಿದು ನೀರಿಗಿಳಿದರು. ಒಂದು ಗೋಡೆ ನೋಡಿದರು. ಎದುರಿನ ಗೋಡೆ ನೋಡಿದರು. ತಿರುಗಿದಾಗ ಬೆಳಗ್ಗಿನಿಂದ ಕಾಣದ ಗೆಲುವು ಮುಖದಲ್ಲಿತ್ತು.

"ಬ್ಲಾಜೆನ, ಇಲ್ನೋಡು. ಉತ್ತರದ ಗೋಡೆಯಿಂದ ಅರ್ಧ, ದಕ್ಷಿಣದ ಗೋಡೆಯಿಂದ ಅರ್ಧ. ಸರಿಯಾಗಿ ಎರಡು ಪಾಲು. ನಾನು ಹೇಳಿರಲಿಲ್ವಾ?"

ಬ್ಲಾಜೆನ ಮೆಟ್ಟಿಲ ಮೇಲಿನಿಂದಲೇ ಬಿಂದಿಗೆ ಚಾಚಿದರು.

"ಹೇಳಿದ್ರಿ. ಈಗ ಎರಡೂ ಪಾಲು ಎತ್ತಿ ಹಾಕಿ."