ಮಾವನವರ ಮಂಚಕ್ಕೆ ಹಸಿರು ರಿಬ್ಬನ್ನು

ಬಟ್ಟೆ ಅಂಗಡಿಯಲ್ಲಿ ಹತ್ತು ವರ್ಷ ನಿಂತವನಿಗೆ ಬಟ್ಟೆಯ ವಿಷಯವೆಲ್ಲ ಗೊತ್ತಿರುತ್ತದೆಂದು ಜನ ನಂಬುತ್ತಾರೆ. ಜನ ನಂಬಿದರೆ ತೊಂದರೆಯಿಲ್ಲ, ನಾನೂ ನಂಬಿಬಿಟ್ಟಿದ್ದೆ. ಹಿಂದೂಪುರದ ಅಂಗಡಿಯಲ್ಲಿ ಗಿರಾಕಿಗಳಿಗೆ ನಾನು ದಿನವಿಡೀ ಹೇಳುತ್ತಿದ್ದುದು ಒಂದೇ ಮಾತು: ಮೊದಲು ಪನ್ನ ನೋಡಿ, ಅಂದರೆ ಅಗಲ ನೋಡಿ. ಪನ್ನ ಸರಿಯಿದ್ದರೆ ಎಲ್ಲ ಸರಿ.

ಕಲ್ಯಾಣದುರ್ಗದ ನಮ್ಮ ಮಾವನವರು ಮದುವೆಯಲ್ಲಿ ಒಂದು ನವಾರು ಮಂಚ ಕೊಟ್ಟಿದ್ದರು. ನವಾರೆಂದರೆ ಒರಟು ನೂಲಿನ ದಪ್ಪ ಪಟ್ಟಿ. ಅದನ್ನು ಅವರೇ ಚೌಕಟ್ಟಿಗೆ ಕಾಲು ಕೊಟ್ಟು ಎಳೆದೆಳೆದು ಹೆಣೆದಿದ್ದರು. ಬಂದಾಗಲೆಲ್ಲ ಮೊದಲು ಮಂಚವನ್ನು ತಟ್ಟಿ ನೋಡಿ, ಆಮೇಲೆ ನನ್ನ ಯೋಗಕ್ಷೇಮ ವಿಚಾರಿಸುವರು. ಅಂಥ ಮಂಚದ ನಡುವೆ ನಾಲ್ಕು ಪಟ್ಟಿ ಹರಿದು ಕೂತಿರುವಾಗಲೇ, ಬರುತ್ತೇನೆಂದು ಅವರ ಕಾಗದ ಬಂತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಕೊಟ್ಟ ಮಂಚವನ್ನೇ ಕಾಪಾಡಲಾರದವನು ಕೊಟ್ಟ ಮಗಳನ್ನು ಹೇಗೆ ನೋಡಿಕೊಂಡಾನು ಎಂದುಕೊಂಡರೆ?

"ಹಗ್ಗದಂಗ್ಡೀಲಿ ನವಾರು ಸಿಕ್ತೈತೆ, ತಂದ್ಬುಡಿ" ಎಂದಳು ಹೆಂಡತಿ. ಬಟ್ಟೆ ಅಂಗಡಿಯವನು ಹಗ್ಗದ ಅಂಗಡಿಯ ಮೆಟ್ಟಿಲು ಹತ್ತುವುದೇ? ನಮ್ಮಲ್ಲೇ ಮೂರು ಬೆರಳಗಲದ ಹಸಿರು ರಿಬ್ಬನ್ನಿತ್ತು. ಅಳೆದೆ, ಪನ್ನದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹರಿದ ಪಟ್ಟಿಗಳನ್ನು ಕಿತ್ತು, ರಿಬ್ಬನ್ ಹೆಣೆದು, ತುದಿಗಳಿಗೆ ಹೊಲಿಗೆ ಹಾಕಿ, ಮೇಲೊಂದು ಜಮಖಾನ ಹಾಸಿದೆ. ಮಂಚ ಮೊದಲಿಗಿಂತ ಚೆನ್ನಾಗಿಯೇ ಕಂಡಿತು.

ಮಾವನವರು ಬಂದರು. ಮುದ್ದೆ ಉಂಡು, ಮಂಚ ತಟ್ಟಿ, ಕಾಲು ಚಾಚಿದರು. ಪರ್ರೆಂದು ಸದ್ದಾಯಿತು. ನಾನು ತಿರುಗುವಷ್ಟರಲ್ಲಿ ಅವರ ಸೊಂಟ ನೆಲದ ಮೇಲಿತ್ತು, ಕೈಕಾಲು ಮಾತ್ರ ಮಂಚದ ಮೇಲಿದ್ದವು.

ಎಬ್ಬಿಸಿದೆವು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹರಿದ ರಿಬ್ಬನ್ನನ್ನು ಬೆರಳ ನಡುವೆ ಉಜ್ಜಿ ನೋಡಿದರು. "ಜಡೆಗೆ ಕಟ್ಟೋದ್ನ ಮಂಚಕ್ಕೆ ಕಟ್ಟಿದೀಯಲ್ಲಪ್ಪ! ಇದು ಅಂದಕ್ಕೆ ಕಣಪ್ಪ. ನವಾರು ಬರುವು ಹೊರಾಕೆ, ಮನುಷ್ರ ಭಾರ ತಡೆಯಾಕೆ."

"ಪನ್ನ ಒಂದೇ ಇತ್ತು ಮಾವ" ಎಂದೆ.

"ನಿಂದೂ ನಂದೂ ಅಂಗಿ ಅಳತೆನೂ ಒಂದೇ. ಹೋಗಿ ನವಾರು ತಕೊಂಬಾ, ಆ ತುದಿ ಹಿಡ್ಕೊ, ನೋಡಾನ."

ನವಾರು ತಂದೆ, ಹಿಡಿದೆ, ಎಳೆದೆ. ಮೂರನೆಯ ಸುತ್ತಿಗೆ ಅಂಗೈಯ ಚರ್ಮ ಕಿತ್ತುಬಂತು, ಪಟ್ಟಿ ಸಡಿಲವಾಯಿತು. ಮಾವನವರು ನನ್ನ ಅಂಗೈಯನ್ನೊಮ್ಮೆ ನೋಡಿ ಒಳಗೆ ಕೂಗಿದರು: "ನೀನ್ ಬಾರಮ್ಮ."

ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಚೌಕಟ್ಟಿಗೆ ಕಾಲು ಕೊಟ್ಟು ಎಳೆದಳು. ಅಪ್ಪ ಮಗಳು ಸೇರಿ ಅರ್ಧ ಗಂಟೆಯಲ್ಲಿ ಮಂಚ ಬಿಗಿದರು. ನನಗೆ ರಿಬ್ಬನ್ ಸುತ್ತಿಡುವ ಕೆಲಸ ಕೊಟ್ಟರು. ಬಹಳ ಅಂದವಾಗಿ ಸುತ್ತಿದೆ.