ಚಿನ್ನಪ್ಪನ ಅಂಗಡಿಯ ಬೈ ಟು

ನನ್ನ ರಕ್ತದಲ್ಲಿ ಸಕ್ಕರೆ ಇದೆಯೆಂದು ತಿಳಿದ ದಿನದಿಂದ ನನ್ನ ಟೀಯಲ್ಲಿ ಸಕ್ಕರೆ ಇಲ್ಲ. ಇದು ಧರ್ಮಪತ್ನಿ ಸೊಣ್ಣಮ್ಮನ ಸುಗ್ರೀವಾಜ್ಞೆ. ಬೆಳಿಗ್ಗೆ ಅವಳು ಕೊಡುವ ಆ ಚಪ್ಪೆ ದ್ರವವನ್ನು ಕಣ್ಣು ಮುಚ್ಚಿ ನುಂಗುತ್ತೇನೆ. (ಕಷಾಯ ಎಂದರೆ ಕಷಾಯಕ್ಕೆ ಅವಮಾನ.)

ಆದರೆ ಗಂಡಸಾದವನಿಗೆ ಒಂದು ಕಳ್ಳದಾರಿಯಾದರೂ ಬೇಡವೇ? ಸಂಜೆ ವಾಕಿಂಗ್ ಎಂದು ಹೊರಟವನು ನೇರವಾಗಿ ಸುಬ್ರಹ್ಮಣ್ಯಪುರದ ನಮ್ಮ ಬೀದಿ ತಿರುವಿಗೆ ಹೋಗಿ, ಚಿನ್ನಪ್ಪನ ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ ಪ್ರತಿಷ್ಠಾಪನೆಗೊಳ್ಳುತ್ತಿದ್ದೆ. ಜೊತೆಗೆ ಗೆಳೆಯ ದಾಸಪ್ಪ. ಒಂದೇ ಟೀ, ಎರಡು ಲೋಟ. ಬೈ ಟು ಕುಡಿದರೆ ಪಾಪವೂ ಅರ್ಧ ಎಂಬುದು ನನ್ನ ನಂಬಿಕೆ. ಚಿನ್ನಪ್ಪ ನಮಗೆಂದೇ ಒಳಗಿನಿಂದ ಸ್ಪೆಷಲ್ ಟೀ ತಂದುಕೊಡುತ್ತಿದ್ದ.

"ಸಿಹಿ ಕಮ್ಮಿ ಅನ್ಸಲ್ವಾ ಗಂಗಾಧರಯ್ಯ?" ಎಂದು ದಾಸಪ್ಪ ದಿನವೂ ರಾಗ ಎಳೆಯುತ್ತಿದ್ದ.

"ನಿನ್ ನಾಲಿಗೆ ಕೆಟ್ಟಿದೆ. ಇಂಥ ಟೀ ನಮ್ಮನೇವ್ಳಿಗೆ ಏಳು ಜನ್ಮಕ್ಕೂ ಮಾಡಕ್ಕಾಗಲ್ಲ."

ಚಿನ್ನಪ್ಪ ಯಾಕೋ ಸ್ಟವ್ ಕಡೆ ತಿರುಗಿಕೊಳ್ಳುತ್ತಿದ್ದ.

ಮೂರು ತಿಂಗಳಾದ ಮೇಲೆ ಮತ್ತೆ ರಕ್ತಪರೀಕ್ಷೆ. ಸಕ್ಕರೆ ಏರಿದ್ದರೆ ಇಂಜೆಕ್ಷನ್ ಎಂದು ಡಾಕ್ಟರು ಹೇಳಿದ್ದರು. ವಾಕಿಂಗ್ ಬಂದ್ ಎಂದು ಸೊಣ್ಣಮ್ಮ ಹೇಳಿದ್ದಳು. ನನಗೆ ಎರಡನೆಯದರ ಭಯವೇ ಹೆಚ್ಚು. ಇಡೀ ದಿನದಲ್ಲಿ ನನ್ನ ಮಾತನ್ನು ಕೊನೆಯವರೆಗೂ ಕೇಳುವ ಜನ ಇದ್ದದ್ದು ಆ ಬೆಂಚಿನ ಮೇಲೆ ಮಾತ್ರ.

ರಿಪೋರ್ಟ್ ಬಂತು. ಸಕ್ಕರೆ ಇಳಿದಿತ್ತು. ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲಿ ಅರ್ಧ ಗಂಟೆ ಮೊದಲೇ ಅಂಗಡಿಗೆ ಓಡಿದೆ. ನೋಡಿದರೆ, ದೇವಸ್ಥಾನಕ್ಕೆಂದು ಹೋಗಿದ್ದ ಸೊಣ್ಣಮ್ಮ ನಮ್ಮನೆಯ ಹಸಿರು ಫ್ಲಾಸ್ಕನ್ನು ಚಿನ್ನಪ್ಪನ ಕೈಗೆ ಕೊಡುತ್ತಿದ್ದಾಳೆ.

"ಏನೇ ಇದು?"

"ನಿಮ್ ಸ್ಪೆಷಲ್ ಟೀ. ಮೂರು ತಿಂಗಳಿಂದ ನಾನೇ ಮಾಡಿ ತಂದುಕೊಡ್ತಿದೀನಿ, ಸಕ್ಕರೆ ಇಲ್ದೆ. ಬೆಳಿಗ್ಗೆ ಮನೇಲಿ ಮುಖ ಕಿವುಚ್ಕೊಂಡು ಕುಡೀತೀರಲ್ಲ, ಅದೇ."

ಚಿನ್ನಪ್ಪ ತಲೆ ಕೆರೆದುಕೊಂಡ. "ನೀವು ಹೊಗಳಿದ್ದೆಲ್ಲಾ ಅಕ್ಕಂಗೆ ಹೇಳ್ತಿದ್ದೆ ಸಾರ್."

"ಆ ಏಳು ಜನ್ಮದ್ದು?"

"ಅದನ್ನೂ."

ಸೊಣ್ಣಮ್ಮ ಸೆರಗು ಸರಿಮಾಡಿಕೊಂಡಳು. "ದಿನಾ ಬನ್ನಿ, ಬೇಡ ಅನ್ನಲ್ಲ. ಇಲ್ಲಿ ಕೂತ್ರಾದ್ರೂ ನಿಮ್ಗೆ ನನ್ ಟೀ ರುಚಿಸತ್ತೆ."

ಸದ್ಯ, ಬೆಂಚು ಉಳಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ದಾಸಪ್ಪ ಬಂದ. ವಿಷಯ ಕೇಳಿ ಅವನ ಮುಖ ಸಪ್ಪಗಾಯಿತು. "ಸೊಣ್ಣಮ್ಮಕ್ಕ, ಶುಗರ್ ಇರೋದು ಇವ್ರಿಗೆ. ನಾನ್ಯಾಕೆ ಪಥ್ಯ ಮಾಡ್ದೆ?"

ಅವಳು ಅವನಿಗೆ ಎರಡು ಚಮಚ ಸಕ್ಕರೆ ಹಾಕಿಸಿ ಅಂಗಡಿಯ ಫುಲ್ ಟೀ ಕೊಡಿಸಿದಳು. ನನ್ನ ಲೋಟಕ್ಕೆ ಫ್ಲಾಸ್ಕಿನಿಂದ ತಾನೇ ಬಗ್ಗಿಸಿದಳು. ಒಂದು ಗುಟುಕು ಕುಡಿದೆ. ಅದೇ ಅಂಗಡಿ, ಅದೇ ಬೆಂಚು. ಟೀ ಮಾತ್ರ ಅಪ್ಪಟ ಕಷಾಯ.

"ಹೇಗಿದೆ?" ಎಂದಳು.

"ಅಮೃತ" ಎಂದೆ.