ಫ್ಯೂಜ್ ಕೈಯಲ್ಲಿ ಹಿಡಿದು ಬಾ

ಇನ್ನೊಬ್ಬರ ದನಿಯಲ್ಲಿ ಮಾತಾಡಿ ರೂಢಿಯಾದವನ ಸ್ವಂತ ದನಿಯನ್ನು ಯಾರೂ ನಂಬುವುದಿಲ್ಲ. ನಾನು ಅಂಥವನು. ಗಣಿತದ ಮೇಷ್ಟರ ಕೆಮ್ಮಿನಿಂದ ಹಿಡಿದು ನಮ್ಮವ್ವನ ಗೊರಕೆಯವರೆಗೆ ಎಲ್ಲವನ್ನೂ ಅನುಕರಿಸಿ ಬೈಸಿಕೊಂಡಿದ್ದೇನೆ. ಆದರೆ ಚಿಕ್ಕಪ್ಪನ ದನಿಯಷ್ಟು ನನಗೆ ಒಲಿದದ್ದು ಬೇರಿಲ್ಲ.

ಮೈನಿಂಗ್ ಜೋರಾಗಿದ್ದ ಕಾಲ. ಬಳ್ಳಾರಿಯಲ್ಲಿ ಅದಿರು ಲಾರಿಗಳ ಡೈನಮೋ ರಿಪೇರಿ ಮಾಡುತ್ತಿದ್ದ ಚಿಕ್ಕಪ್ಪ ಬೆಳಿಗ್ಗೆ ಬಿಳಿ ಅಂಗಿಯಲ್ಲಿ ಹೋಗಿ ಸಂಜೆ ಅದಿರಿನ ಧೂಳು ಹಿಡಿದು ಕಾವಿಯಲ್ಲಿ ನಮ್ಮೂರು ಕುರುಗೋಡಿಗೆ ಮರಳುತ್ತಿದ್ದ. ಊರೆಲ್ಲ ನೆಲ ಅಗೆಯುವ ಮಾತಾಡುತ್ತಿದ್ದರೆ ಅವನ ಕಣ್ಣು ಗಾಳಿಯ ಮೇಲೆ. ಹಳೆಯ ಲಾರಿ ಡೈನಮೋಗೆ ತಗಡಿನ ರೆಕ್ಕೆ ಕಟ್ಟಿ ಮಾಳಿಗೆಯ ಮೇಲೆ ನಿಲ್ಲಿಸಿ, ಇನ್ವರ್ಟರ್ ಒಂದನ್ನು ನಡುವೆ ಇಟ್ಟು, ಅದರ ತಂತಿಯನ್ನು ಸೀದಾ ಮನೆಯ ಮೀಟರ್ ಬೋರ್ಡಿಗೆ ಸೇರಿಸಿದ. ನಾವು ಅದನ್ನು ಫ್ಯಾನ್ ಎನ್ನುತ್ತಿದ್ದೆವು. ಅದು ತಿರುಗಿದರೆ ಮನೆ ಗಡಗಡ ನಡುಗಿ ಎರಡು ಬಲ್ಬು ಉರಿಯುತ್ತಿದ್ದವು. ಓಣಿಯವರು ಬಂದು ಬೆರಗಾಗಿ, ಚಹಾ ಕುಡಿದು ಹೋಗುತ್ತಿದ್ದರು. "ಬಲ್ಬಿಗಿಂತ ಒಲಿನೇ ಜಾಸ್ತಿ ಉರಿಯಾಕ ಹತ್ತೇತಿ" ಎನ್ನುತ್ತಿದ್ದಳು ಅವ್ವ.

ಒಂದು ಮುಂಜಾನೆ ಕಂಬದಲ್ಲಿ ನಮ್ಮ ಮನೆಯ ತಂತಿ ಸುಟ್ಟು ಬಿಚ್ಚಿಕೊಂಡಿತು. ಸಿರುಗುಪ್ಪದ ಬಸ್ಸಿಗೆ ಹೊರಟಿದ್ದ ಚಿಕ್ಕಪ್ಪ ಬಾಗಿಲಲ್ಲಿ ನಿಂತ. "ಲೇ, ಲೈನ್‌ಮನ್ ಖಾಜಾ ಬರ್ತಾನ. ಮೊದ್ಲು ಫ್ಯಾನಿನ ಫ್ಯೂಜ್ ಕೀಳು, ಆಮ್ಯಾಲ ಹತ್ತು ಅನ್ನು. ಇಲ್ಲಾಂದ್ರ ನಮ್ಮ ಕರೆಂಟು ತಂತಿ ಹಿಡ್ಕಂಡು ಕಂಬಕ್ಕ ಹೋಗತೈತಿ, ಅವನ ಜೀವಕ್ಕ ಬರತೈತಿ."

ಖಾಜಾ ಮಾಮಾ ಬಂದಾಗ ನನ್ನ ಮುಂದೆ ಬಿಸಿ ಮಂಡಕ್ಕಿ ಒಗ್ಗರಣೆ-ಮಿರ್ಚಿ ಇತ್ತು. "ಅಣ್ಣಾ, ಫ್ಯಾನ್ ಬಂದ್ ಮಾಡೀರೇನ್ರಿ?" ಎಂದು ಹೊರಗಿನಿಂದ ಕೂಗಿದರು. ಏಣಿ ಹಚ್ಚುವಷ್ಟರಲ್ಲಿ ತಿಂದು ಮುಗಿಸಿ ಫ್ಯೂಜ್ ಕಿತ್ತರಾಯಿತು ಎಂದುಕೊಂಡು, ಕೂತಲ್ಲಿಂದಲೇ ಚಿಕ್ಕಪ್ಪನ ದನಿ ತೆಗೆದೆ: "ಮಾಡೀನಿ, ಹತ್ತೋ ಖಾಜಾ!"

ಎರಡನೆಯ ಮಿರ್ಚಿಗೆ ಕೈ ಹಾಕಿದಾಗ ಬೆಟ್ಟದ ಕಡೆಯಿಂದ ಗಾಳಿ ಬೀಸಿತು. ಮಾಳಿಗೆ ನಡುಗಿತು. ತಲೆಯ ಮೇಲಿನ ಬಲ್ಬು ಹತ್ತಿಕೊಂಡಿತು. "ಮಾಮಾ, ಮುಟ್ಟಬ್ಯಾಡ್ರಿ!" ಎನ್ನುತ್ತ ಹೊರಗೋಡಿದೆ. ಬಾಯಿಂದ ಬಂದದ್ದು ಯಾರ ದನಿಯೋ, ಕೋಳಿಮರಿಯದಿರಬೇಕು.

ಏಣಿಯ ತುದಿಯಲ್ಲಿದ್ದ ಖಾಜಾ ಮಾಮಾ ಕೈ ಹಚ್ಚುವ ಮೊದಲು ತಂತಿಗೆ ಟೆಸ್ಟರ್ ಹಿಡಿದಿದ್ದರು. ಅದರೊಳಗೆ ಚಿಕ್ಕ ಕೆಂಪು ದೀಪ ಉರಿಯುತ್ತಿತ್ತು. ಮೆಲ್ಲಗೆ ಇಳಿದು, ಒಳಗೆ ಇಣುಕಿ, ಚಿಕ್ಕಪ್ಪ ಇಲ್ಲದ್ದನ್ನು ನೋಡಿದರು. ಕಡ್ಡಿ ಗೀರಿ ಬೀಡಿ ಹಚ್ಚಿದರು.

"ದನಿ ಭಾಳ ಚಲೋ ಐತಲೇ. ಆದ್ರ ಟೆಸ್ಟರಿಗೆ ಕಿವಿ ಇಲ್ಲ. ಹೋಗು, ಫ್ಯೂಜ್ ಕಿತ್ತು ಕೈಯಾಗ ಹಿಡ್ಕಂಡು ಬಂದು ನನ್ನ ಕಣ್ಮುಂದ ನಿಲ್ಲು."

ಅವರು ಮತ್ತೆ ಹತ್ತಿ, ತಂತಿ ಕಟ್ಟಿ ಇಳಿಯುವವರೆಗೂ ಪಿಂಗಾಣಿ ಫ್ಯೂಜನ್ನು ಎತ್ತಿ ಹಿಡಿದು ಬಿಸಿಲಲ್ಲಿ ನಿಂತೆ. ಹುಟ್ಟಿದಾಗಿನಿಂದ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿದ್ದು ಅದೇ ಮೊದಲು. ಮರುವಾರ ಚಿಕ್ಕಪ್ಪ ಒಂದು ಹಿಡಿಕೆಯ ಸ್ವಿಚ್ಚು ತಂದು ಹಾಕಿಸಿದ. ಮೇಲೆತ್ತಿದರೆ ಕಂಬದ ಕರೆಂಟು, ಕೆಳಗಿಳಿಸಿದರೆ ಫ್ಯಾನಿನದು. ಎರಡೂ ಒಟ್ಟಿಗೆ ಸೇರುವ ಮಾತೇ ಇಲ್ಲ.

ಈಗ ಆ ಲಾರಿಗಳ ಸಾಲಿಲ್ಲ, ಫ್ಯಾನೂ ಇಲ್ಲ. ಗಾಳಿ ಬಂದಾಗ ಮನೆ ನಡುಗದಿದ್ದರೆ ನನಗೆ ಏನೋ ಕಳೆದುಕೊಂಡಂತಾಗುತ್ತದೆ. ಮೊನ್ನೆ ಖಾಜಾ ಮಾಮಾನಿಗೆ ಫೋನ್ ಮಾಡಿ, ಅಪ್ಪಟ ನನ್ನದೇ ದನಿಯಲ್ಲಿ, "ಮಾಮಾ, ನನ್ನ ಮದುವಿ ಗೊತ್ತಾಗೇತಿ, ಬರಬೇಕ್ರಿ" ಎಂದೆ.

ಆ ಕಡೆ ಬೀಡಿಗೆ ಕಡ್ಡಿ ಗೀರಿದ ಸದ್ದಾಯಿತು.

"ಹುಡುಗೀನ ಕರ್ಕಂಡು ಬಂದು ಕಣ್ಮುಂದ ನಿಲ್ಲು," ಎಂದರು. "ಆಮ್ಯಾಲ ನಂಬ್ತೀನಿ."